ಫಾರಮ್ಮಿನಲ್ಲಿದ್ದ ‘ನೀವು’

ಕಾಲೇಜಿನ ಪತ್ರ ಬಂದದ್ದು ಮೇ ತಿಂಗಳ ಒಂದು ಶನಿವಾರ, ಮನೆಯವರೆಲ್ಲ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ. ಲಕೋಟೆಯ ಮೇಲೆ ಫುರ್ತಾದೊ ಎಂಬ ತಮ್ಮ ಪೋರ್ಚುಗೀಸ್ ಮನೆತನದ ಹೆಸರು ಕಂಡದ್ದೇ ತಡ, ನೇಲಿಯಾ ಅದನ್ನು ಹರಿದು ಮೊದಲ ಸಾಲು ಓದಿ, ಬಂತು ಎಂದು ಕೂಗಿದಳು. ಬೇಸಿಗೆಯ ಎರಡು ಕೋರ್ಸುಗಳಿಗೆ ಸರ್ಕಾರದ ಸಹಾಯಧನ ಮಂಜೂರಾಗಿತ್ತು. ಫೀಸು ಪೂರ್ತಿ, ಜೊತೆಗೆ ಪುಸ್ತಕಕ್ಕೂ ಒಂದಿಷ್ಟು.

ಅಪ್ಪ ಅರ್ಮಾಂಡೊ ಬೆಳಗಿನ ಜಾವ ಎದ್ದು ಬೇಕರಿಯ ವ್ಯಾನು ಓಡಿಸುವವನು. ಆ ಹೊತ್ತಿಗೆ ಅವನಿಗೆ ಕಣ್ಣು ಬಿಡುವುದೇ ಕಷ್ಟ. ಆದರೂ ತಟ್ಟೆಯಿಂದ ತಲೆಯೆತ್ತಿ ನಕ್ಕ. ಅಜ್ಜಿ ಎರ್ಮೀನಿಯಾ ಶಿಲುಬೆಯ ಗುರುತು ಮಾಡಿಕೊಂಡು, ಸಿಹಿ ಬ್ರೆಡ್ಡಿನ ದಪ್ಪ ಹೋಳೊಂದನ್ನು ಕತ್ತರಿಸಿ ಮೊಮ್ಮಗಳ ಕಡೆ ತಳ್ಳಿದಳು. ಓದುವವರಿಗೆ ದೊಡ್ಡ ಹೋಳು ಎಂಬುದು ಅಜ್ಜಿ ಮಾಡಿದ ಕಾನೂನು. ಮನೆಯಲ್ಲಿ ಓದುವವಳು ಒಬ್ಬಳೇ ಇದ್ದದ್ದರಿಂದ ಎರಡು ವರ್ಷಗಳಲ್ಲಿ ಆ ಕಾನೂನಿಗೆ ಯಾರ ತಕರಾರೂ ಬಂದಿರಲಿಲ್ಲ.

ಅಮ್ಮ ಗ್ರಸಿಂಡಾ ಮಾತ್ರ ಒಲೆಯ ಮುಂದೆ ನಿಂತು ಕೇಲ್ ಸೊಪ್ಪಿನ ಸಾರು ತಿರುವುತ್ತಲೇ ಇದ್ದಳು. ತಿರುಗಿ ನೋಡದೆ ಹೇಳಿದಳು, “ಹೆಸರು ಯಾರ್ದಿದೆ ಸರಿಯಾಗಿ ನೋಡು.”

ನೇಲಿಯಾ ನೋಡಿದಳು. ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು.

“ಅಮ್ಮಾ, ಇದ್ರಲ್ಲಿ ನಿನ್ನ ಹೆಸ್ರಿದೆ.”

ನಡೆದದ್ದು ಇಷ್ಟು. ಬೇಸಿಗೆಯ ಕೋರ್ಸಿಗೆ ಸಹಾಯಧನ ಬೇಕೆಂದರೆ ಹೊಸ ವರ್ಷದ ಫಾರಂ ತುಂಬಬೇಕೆಂದು ಕಾಲೇಜು ಮಾರ್ಚಿನಲ್ಲೇ ತಿಳಿಸಿತ್ತು. ಫಾರಂ ತುಂಬಬೇಕೆಂದುಕೊಂಡಿದ್ದ ಭಾನುವಾರ ನೇಲಿಯಾಗೆ ಗೆಳತಿಯ ಹುಟ್ಟುಹಬ್ಬ. ತೆರಿಗೆ ಕಾಗದವೆಲ್ಲ ನಿನ್ನ ಹತ್ತಿರವೇ ಇದೆಯಲ್ಲ, ನೀನೇ ತುಂಬಿಬಿಡಮ್ಮ ಎಂದು ಹೇಳಿ ಹೊರಟುಹೋಗಿದ್ದಳು. ಗ್ರಸಿಂಡಾ ಚರ್ಚಿನಿಂದ ಬಂದವಳು, ಬಟ್ಟೆ ಕೂಡ ಬದಲಿಸದೆ, ಮಗಳ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತಳು. ಫಾರಂ ಬಹಳ ಮರ್ಯಾದೆಯಿಂದ ಕೇಳುತ್ತ ಹೋಯಿತು. ನಿಮ್ಮ ಹೆಸರೇನು, ನೀವು ಹುಟ್ಟಿದ್ದು ಯಾವಾಗ, ನೀವು ಹೈಸ್ಕೂಲು ಮುಗಿಸಿದ್ದೀರಾ. ಗ್ರಸಿಂಡಾ ತನ್ನ ಹೆಸರು, ತನ್ನ ಹುಟ್ಟಿದ ದಿನ, ತನ್ನ ಹೈಸ್ಕೂಲು ಬರೆದಳು. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿ, ಕೊನೆಗೆ ಸಹಿಯನ್ನೂ ಹಾಕಿದಳು.

ಸೋಮವಾರ ತಾಯಿ ಮಗಳು ಇಬ್ಬರೂ ಕಾಲೇಜಿನ ಸಹಾಯಧನದ ಕಚೇರಿಗೆ ಹೋದರು. ದಾರಿಯುದ್ದಕ್ಕೂ ನೇಲಿಯಾ ಗೊಣಗಿದಳು, ಗ್ರಸಿಂಡಾ ಕಾರು ಓಡಿಸಿದಳು. ಕೌಂಟರಿನ ಹಿಂದೆ ಕೂತಿದ್ದ ಬಿಳಿಗೂದಲ ಹೆಂಗಸು ಪತ್ರ ನೋಡಿದವಳೇ ನಕ್ಕಳು. ವಾರಕ್ಕೆ ಮೂರು ಅಮ್ಮಂದಿರಾದರೂ ಹೀಗೆ ಬರುತ್ತಾರೆ ಎಂದಳು.

“ಫಾರಮ್ಮಲ್ಲಿ ನೀವು ಅಂದ್ರೆ ಯಾವಾಗ್ಲೂ ವಿದ್ಯಾರ್ಥಿ. ತಂದೆತಾಯೀನ ಅದು ನೀವು ಅನ್ನಲ್ಲ.”

“ಸರಿ, ಇದನ್ನ ನನ್ನ ಹೆಸ್ರಿಗೆ ಬದ್ಲಾಯ್ಸಿ,” ಎಂದಳು ನೇಲಿಯಾ.

ಆಗುವುದಿಲ್ಲವಂತೆ. ಯಾರ ಹೆಸರಿಗೆ ಮಂಜೂರಾಗಿದೆಯೋ ಅವರೇ ಓದಬೇಕು, ಬೇಡವೆಂದರೆ ದುಡ್ಡು ಸರ್ಕಾರಕ್ಕೆ ವಾಪಸ್ಸು. ನೇಲಿಯಾ ಹೊಸದಾಗಿ ಫಾರಂ ತುಂಬಬೇಕು, ಅದಕ್ಕೆ ತಾಯಿಯ ಸಹಿ ಬೇಕು, ತೆರಿಗೆ ಕಾಗದದ ಪರಿಶೀಲನೆ ಬೇರೆ. ಐದಾರು ವಾರವಾದರೂ ಬೇಕು. ಜೂನಿನ ತರಗತಿಗಳಂತೂ ಹೋದ ಹಾಗೆಯೇ. ಅದೃಷ್ಟವಿದ್ದರೆ ಜುಲೈ ತರಗತಿ ಸಿಗಬಹುದು.

ನೇಲಿಯಾಗೆ ಬೇಕಾಗಿದ್ದದ್ದು ಶರೀರಶಾಸ್ತ್ರ. ಅದರ ಮೊದಲ ಭಾಗವನ್ನು ಈ ಬೇಸಿಗೆಯಲ್ಲೂ ಎರಡನೆಯದನ್ನು ಚಳಿಗಾಲಕ್ಕೆ ಮುಂಚೆಯೂ ಮುಗಿಸಿದರೆ ಮಾತ್ರ ಫೆಬ್ರುವರಿಯಲ್ಲಿ ನರ್ಸಿಂಗಿಗೆ ಅರ್ಜಿ ಹಾಕಬಹುದು. ತಪ್ಪಿದರೆ ಮತ್ತೆ ಒಂದು ಇಡೀ ವರ್ಷ ಡೋನಟ್ ಅಂಗಡಿಯಲ್ಲಿ ಕಾಫಿ ಸುರಿಯುವುದೇ ಗತಿ. ಅವಳು ಈ ಲೆಕ್ಕದಲ್ಲಿ ಮುಳುಗಿದ್ದಾಗ ಬಿಳಿಗೂದಲವಳು ಗ್ರಸಿಂಡಾ ಕಡೆ ತಿರುಗಿದಳು.

“ಮತ್ತೆ ನೀವು? ಈ ದುಡ್ಡಲ್ಲಿ ನೀವು ಓದ್ತೀರಾ? ಕಮ್ಮಿ ಅಂದ್ರೂ ಎರಡು ಕೋರ್ಸ್ ತಗೋಬೇಕಾಗತ್ತೆ.”

ಅಮ್ಮ ಈಗ ನಕ್ಕು, ಅಯ್ಯೋ ನನಗ್ಯಾಕೆ ಎಂದು ಎದ್ದುಬಿಡುತ್ತಾಳೆ ಎಂದು ನೇಲಿಯಾ ತನ್ನ ಚೀಲ ಹೆಗಲಿಗೆ ಹಾಕಿಕೊಂಡಳು.

ಗ್ರಸಿಂಡಾ ಏಳಲಿಲ್ಲ. ಮಡಿಲಲ್ಲಿದ್ದ ಕಾರಿನ ಬೀಗದಕೈ ತಿರುಗಿಸುತ್ತ ಕೇಳಿದಳು, “ಕ್ಲಾಸು ಎಷ್ಟೊತ್ತಿಗೆ?”

ಆ ಎರಡು ಪದ ಕೇಳಿದ ಗಳಿಗೆಯಿಂದಲೇ ನೇಲಿಯಾಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಅದಕ್ಕೆ ಅವಳು ಬೇರೆ ಬೇರೆ ಹೆಸರು ಇಟ್ಟು ನೋಡಿದಳು. ಕಳವಳ ಎಂದಳು, ಅನ್ಯಾಯ ಎಂದಳು, ಮನೆಯ ಖರ್ಚಿನ ಚಿಂತೆ ಎಂದಳು. ಹೊಟ್ಟೆಕಿಚ್ಚು ಹೊಟ್ಟೆಕಿಚ್ಚೇ.

ಖರ್ಚಿನ ಚಿಂತೆಯೂ ಸುಳ್ಳೇನಲ್ಲ. ಗ್ರಸಿಂಡಾ ಕೆಲಸ ಮಾಡುತ್ತಿದ್ದದ್ದು ಊರಿನ ಶಾಲೆಯ ಅಡುಗೆಮನೆಯಲ್ಲಿ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದರೆ ಸಂಬಳವೂ ಮುಚ್ಚುತ್ತದೆ. ಪ್ರತಿ ಬೇಸಿಗೆಯೂ ಅವಳು ಶನಿವಾರ ಭಾನುವಾರ ಕಡಲತೀರದ ಬಾಡಿಗೆ ಮನೆಗಳನ್ನು ಗುಡಿಸಿ ಒರೆಸಿ ನಾಲ್ಕು ಕಾಸು ತರುತ್ತಿದ್ದಳು, ಉಳಿದ ದಿನ ತನ್ನ ತಾಯಿ ಎರ್ಮೀನಿಯಾಳನ್ನು ನೋಡಿಕೊಳ್ಳುತ್ತಿದ್ದಳು. ಈ ಸಲ ಶನಿವಾರ ಭಾನುವಾರ ಓದಬೇಕು ಎಂದುಬಿಟ್ಟಳು. ಅಜ್ಜಿಯನ್ನು ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಫೆಬ್ರುವರಿಯಲ್ಲಿ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು, ಆಸ್ಪತ್ರೆಯವರು ಹಗಲಿಗೆ ಕಳಿಸುತ್ತಿದ್ದ ದಾದಿಯೂ ಮೇ ಕೊನೆಗೆ ನಿಂತಿದ್ದಳು. ಕೆಳಗಿನ ಅಂತಸ್ತಿನ ಹೆಂಗಸನ್ನು ಕರೆಯೋಣವೆಂದರೆ ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಅವಳ ಜೊತೆ ಅಜ್ಜಿ ಮಾತು ಬಿಟ್ಟು ಹನ್ನೊಂದು ವರ್ಷ. ವಯಸ್ಸಾದವರ ಹಗಲು ಕೇಂದ್ರಕ್ಕೆ ಕಳಿಸೋಣವೆಂದರೆ, ಅಲ್ಲಿ ಬರೀ ಮುದುಕರೇ ಇರ್ತಾರೆ, ನಾನು ಬರಲ್ಲ ಎನ್ನುವ ಎಂಬತ್ತೊಂದರ ಹಟ.

ಹಾಗಾಗಿ ಜೂನ್ ತಿಂಗಳಲ್ಲಿ ಮನೆ ತಲೆಕೆಳಗಾಯಿತು. ನೇಲಿಯಾ ಬೆಳಿಗ್ಗೆ ನಾಲ್ಕೂವರೆಗೆ ಡೋನಟ್ ಅಂಗಡಿಗೆ ಹೋಗಿ, ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಸಕ್ಕರೆ ಪಾಕದ ವಾಸನೆ ಹೊತ್ತು ಮನೆಗೆ ಬರುತ್ತಿದ್ದಳು. ಬಾಗಿಲಲ್ಲೇ ಅಮ್ಮ ಎದುರಾಗುತ್ತಿದ್ದಳು. ಅಮ್ಮನ ಕೈಯಲ್ಲಿ ಪುಸ್ತಕದ ಚೀಲ. ಅಜ್ಜಿಗೆ ಮಾತ್ರೆ ಕೊಡು, ಆಲೂಗಡ್ಡೆ ಸುಲಿದಿಡು, ಉಪ್ಪು ಮೀನಿನ ನೀರು ಬದಲಾಯಿಸು ಎಂದು ಹೇಳಿಕೊಂಡು ಗ್ರಸಿಂಡಾ ಮೆಟ್ಟಿಲಿಳಿಯುತ್ತಿದ್ದಳು. ಎರಡು ವರ್ಷ ಇದೇ ಮಾತುಗಳನ್ನು ಕೇಳಿಸಿಕೊಳ್ಳದ ಹಾಗೆ ಮೆಟ್ಟಿಲಿಳಿದಿದ್ದವಳು ನೇಲಿಯಾ.

ಚೀಲದ ವಿಷಯಕ್ಕೇ ಅವಳು ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅರ್ಮಾಂಡೊ ಹೆಂಡತಿಗೆಂದು ಹೊಸ ಚೀಲ ತಂದಿದ್ದ, ಚಕ್ರವಿರುವುದು, ಬೆನ್ನು ನೋಯಬಾರದಲ್ಲ ಎಂದು. ನೇಲಿಯಾ ಕಾಲೇಜು ಸೇರಿದಾಗ ಒಂದು ಪೆನ್ನೂ ತಂದುಕೊಟ್ಟವನಲ್ಲ. ಕೇಳಿದ್ದಕ್ಕೆ, ನೀನು ಚಿಕ್ಕೋಳು, ನಿನ್ನ ಬೆನ್ನಿಗೇನಾಗಿದೆ ಎಂದ.

ಕಿಟಕಿಯ ಪಕ್ಕದ ಕುರ್ಚಿ, ಬೆಳಕು ಚೆನ್ನಾಗಿ ಬರುವುದು, ನೇಲಿಯಾಳದಾಗಿತ್ತು. ಈಗ ಸಂಜೆಯಾದರೆ ಅಲ್ಲಿ ಅಮ್ಮ ಕೂತು ಮನಃಶಾಸ್ತ್ರದ ಪುಸ್ತಕಕ್ಕೆ ಹಳದಿ ಗೆರೆ ಎಳೆಯುತ್ತಿದ್ದಳು. ಅಜ್ಜಿ ಪೋರ್ಚುಗೀಸ್ ಧಾರಾವಾಹಿಯ ಸದ್ದು ತಾನೇ ತಗ್ಗಿಸುತ್ತಿದ್ದಳು. ನೇಲಿಯಾ ಎಷ್ಟು ಬೇಡಿಕೊಂಡರೂ ತಗ್ಗದಿದ್ದ ಸದ್ದು ಅದು. ಇನ್ನು ಬ್ರೆಡ್ಡು. ಜೂನಿನ ಎರಡನೇ ಭಾನುವಾರ ಅಜ್ಜಿ ಚಾಕು ಹಿಡಿದು ಒಂದು ಗಳಿಗೆ ಯೋಚಿಸಿ, ದಪ್ಪ ಹೋಳನ್ನು ಮಗಳ ತಟ್ಟೆಗೆ ಹಾಕಿದಳು. ನೇಲಿಯಾ ಕಾಫಿ ಸಾಕೆಂದು ಎದ್ದುಹೋದಳು. ಯಾರೂ ಅವಳನ್ನು ವಾಪಸ್ ಕರೆಯಲಿಲ್ಲ, ಅದು ಇನ್ನೂ ಉರಿಸಿತು.

ಜೂನ್ ಕೊನೆಗೆ ಅಮ್ಮನ ಬರವಣಿಗೆ ತರಗತಿಯ ಪ್ರಬಂಧವೊಂದು ವಾಪಸ್ ಬಂತು. ನಿಮಗೆ ಚೆನ್ನಾಗಿ ಗೊತ್ತಿರುವ ಜಾಗವೊಂದರ ಬಗ್ಗೆ ಬರೆಯಿರಿ ಎಂದಿದ್ದರಂತೆ. ಗ್ರಸಿಂಡಾ ಬರೆದದ್ದು ಪರದೆ ಹೊಲಿಯುವ ಕಾರ್ಖಾನೆಯ ಬಗ್ಗೆ. ಹೈಸ್ಕೂಲು ಮುಗಿಸಿದ ಮರುವಾರವೇ ಎರ್ಮೀನಿಯಾ ತನ್ನ ಪಕ್ಕದ ಮಷಿನ್ನಿನ ಮುಂದೆ ಮಗಳನ್ನು ಕೂರಿಸಿದ್ದ ಜಾಗ ಅದು. ಮೇಷ್ಟರು ಕೆಂಪು ಶಾಯಿಯಲ್ಲಿ ಎ ಎಂದು ಬರೆದಿದ್ದರು, ಪೂರ್ತಿ ತರಗತಿಗೆ ಓದಿಯೂ ಹೇಳಿದ್ದರು. ಅರ್ಮಾಂಡೊ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಇಂಗ್ಲಿಷು ಬಾರದ ಅಜ್ಜಿಗೆ ಅದರಲ್ಲೇನಿದೆ ಎಂದು ತಿಳಿಯಬೇಕಿತ್ತು. ಗ್ರಸಿಂಡಾಗೆ ನಾಚಿಕೆ, ಕೈಯಲ್ಲಿ ಮೀನು ಬೇರೆ. ನೀನೇ ಓದಿ ಹೇಳು ಎಂದು ಮಗಳಿಗೆ ಹೇಳಿದಳು. ನೇಲಿಯಾ ಓದುತ್ತ, ಒಂದೊಂದೇ ಸಾಲನ್ನು ಪೋರ್ಚುಗೀಸಿಗೆ ತಿರುಗಿಸಿ ಹೇಳುತ್ತ ಹೋದಳು. ಬರಹ ಚೆನ್ನಾಗಿತ್ತು. ಕೆಟ್ಟದಾಗಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಳ್ಳುತ್ತಲೇ ಓದಿದಳು. ಎರಡನೇ ಪುಟದಲ್ಲಿ ಒಂದು ವಾಕ್ಯವಿತ್ತು: ‘ಬೆಳಿಗ್ಗೆ ನಾನು ಬರುವಷ್ಟರಲ್ಲಿ ನನ್ನ ಮಷಿನ್ನಿನ ಸೂಜಿಗೆ ಅಮ್ಮ ದಾರ ಪೋಣಿಸಿಟ್ಟಿರುತ್ತಿದ್ದಳು, ನಾಲ್ಕು ವರ್ಷ ನಾನು ಒಂದು ದಿನವೂ ಬೆಳಗಿನ ದಾರ ಪೋಣಿಸಲಿಲ್ಲ.’ ನೇಲಿಯಾ ಅದನ್ನು ಕಣ್ಣಲ್ಲಿ ಓದಿದಳು, ಬಾಯಲ್ಲಿ ಓದಲಿಲ್ಲ. ನೇರ ಮುಂದಿನ ಸಾಲಿಗೆ ಹೋದಳು.

ಓದಿ ಮುಗಿದ ಮೇಲೆ ಅಜ್ಜಿ ಕೇಳಿದಳು,

“ನನ್ನ ವಿಷ್ಯ ಏನೂ ಬರ್ದಿಲ್ವಾ?”

“ಇಲ್ಲ ಅಜ್ಜಿ.”

“ಮಷಿನ್ ವಿಷ್ಯ ಅಲ್ವಾ,” ಎಂದಳು ಅಜ್ಜಿ. “ನಾನ್ಯಾಕೆ ಬರ್ಲಿ ಅದ್ರಲ್ಲಿ.”

ನೇಲಿಯಾಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಪುಟ ತಿರುಗಿಸಿ ಆ ವಾಕ್ಯ ಹೇಳುವ ಮನಸ್ಸು ಬರಲಿಲ್ಲ. ಒಲೆಯ ಕಡೆಯಿಂದ ಮೀನಿನ ಮುಳ್ಳು ಬಿಡಿಸುವ ಸದ್ದು ಮಾತ್ರ ಕೇಳುತ್ತಿತ್ತು.

ಜುಲೈ ಎರಡಕ್ಕೆ ನೇಲಿಯಾಳ ಮಂಜೂರಾತಿ ಬಂತು. ಸಹಾಯಧನ ಸಿಕ್ಕಿದೆ, ಶರೀರಶಾಸ್ತ್ರದಲ್ಲಿ ಎರಡು ಜಾಗ ಉಳಿದಿವೆ, ಶುಕ್ರವಾರ ಐದು ಗಂಟೆಯೊಳಗೆ ಹೆಸರು ಬರೆಸಬೇಕು. ತರಗತಿ ಸೋಮವಾರದಿಂದ ಗುರುವಾರ, ಬೆಳಿಗ್ಗೆ ಒಂಬತ್ತರಿಂದ ಒಂದು. ಅಮ್ಮನ ಎರಡು ತರಗತಿಗಳೂ ಅದೇ ಹೊತ್ತಿನಲ್ಲಿ, ಒಂದರ ಹಿಂದೊಂದು, ಆಗಸ್ಟ್ ಮೊದಲ ವಾರದವರೆಗೆ. ಅರ್ಮಾಂಡೊ ಮನೆ ಸೇರುವುದು ಒಂದೂವರೆಗೆ.

ಊಟದ ಮೇಜಿನಲ್ಲಿ ನೇಲಿಯಾ ಎಲ್ಲವನ್ನೂ ಒಪ್ಪವಾಗಿ ವಿವರಿಸಿದಳು. ಮುಂದಿನ ಮಾತನ್ನು ಅಮ್ಮನೇ ಆಡುತ್ತಾಳೆಂದು ಕಾದಳು. ಇಷ್ಟು ವರ್ಷ ಆ ಮನೆಯಲ್ಲಿ ಒಂದು ಮೀನು ತುಂಡು ಕಮ್ಮಿಯಾದರೆ, ನನಗೆ ಹಸಿವಿಲ್ಲ ಎಂದವಳು ಗ್ರಸಿಂಡಾ.

ಗ್ರಸಿಂಡಾ ಸಾರಿಗೆ ಬ್ರೆಡ್ಡು ಅದ್ದಿಕೊಂಡು ತಿಂದಳು.

“ಅಮ್ಮಾ, ನೀನು ಒಂದು ಕೋರ್ಸ್ ಬಿಟ್ರೆ ಸಾಕು.”

“ಒಂದು ಬಿಟ್ರೆ ಸಹಾಯಧನ ನಿಲ್ಲತ್ತೆ. ಎರಡೂ ಬಿಟ್ಟ ಹಾಗೆ.”

“ಹಾಗಾದ್ರೆ ಎರಡೂ ಬಿಡು. ನಿಂಗೇನು ಅವಸ್ರ? ನನ್ನದು ಒಂದು ವರ್ಷ ಹೋಗತ್ತೆ.”

“ನೋಡೋಣ,” ಎಂದಳು ಗ್ರಸಿಂಡಾ.

ಅರ್ಮಾಂಡೊ ಇನ್ನೊಂದು ಸಾಸೇಜು ಬೇಕೆಂದು ತಟ್ಟೆ ಚಾಚಿದ. ಅವನಿಗೆ ಬೇಕಿದ್ದದ್ದು ಸಾಸೇಜಲ್ಲ, ಮಾತು ಬೇರೆಡೆಗೆ ತಿರುಗುವುದು. ಅಜ್ಜಿ ತನ್ನಿಂದ ಇಷ್ಟೆಲ್ಲ ತೊಂದರೆ, ದೇವರು ಬೇಗ ಕರೆದುಕೊಳ್ಳಬಾರದೇ ಎಂದು ಶುರುಮಾಡಿದಳು. ಹಾಗಾದರೆ ಹಗಲು ಕೇಂದ್ರಕ್ಕೆ ಹೋಗುತ್ತೀರಾ ಎಂದು ಅರ್ಮಾಂಡೊ ಕೇಳಿದ. ದೇವರು ಕರೆದರೆ ಹೋಗುತ್ತೇನೆ ಎಂದೆ, ಕೇಂದ್ರದವರು ಕರೆದರೆ ಎನ್ನಲಿಲ್ಲ ಎಂದಳು ಅಜ್ಜಿ.

ಬುಧವಾರ ಜುಲೈ ನಾಲ್ಕು, ಸ್ವಾತಂತ್ರ್ಯ ದಿನದ ರಜೆ, ಅದೂ ಕಳೆಯಿತು. ಅಮ್ಮನಿಂದ ಅದೇ ‘ನೋಡೋಣ’. ಗುರುವಾರ ಅಮ್ಮನಿಗೆ ಬರವಣಿಗೆಯ ಮಧ್ಯಾವಧಿ ಪರೀಕ್ಷೆ, ತರಗತಿಯಲ್ಲೇ ಕೂತು ಬರೆಯಬೇಕು, ತಪ್ಪಿಸಿಕೊಂಡರೆ ಮತ್ತೊಮ್ಮೆ ಇಲ್ಲ. ಇದು ನೇಲಿಯಾಗೆ ಚೆನ್ನಾಗಿ ಗೊತ್ತಿತ್ತು. ಆ ದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅಂಗಡಿಯ ಮ್ಯಾನೇಜರು, ಯಾರಾದರೂ ಇನ್ನೆರಡು ಗಂಟೆ ನಿಲ್ಲುತ್ತೀರಾ ಎಂದು ಕೇಳಿದ. ನೇಲಿಯಾ ಕೈಯೆತ್ತಿದಳು. ಫೋನನ್ನು ಏಪ್ರನ್ನಿನ ಜೇಬಿನಿಂದ ತೆಗೆದು ಲಾಕರಿನಲ್ಲಿಟ್ಟಳು. ಒಂದು ಪರೀಕ್ಷೆ ತಪ್ಪಿದರೆ ಅಮ್ಮ ತಾನಾಗಿಯೇ ಬಿಡುತ್ತಾಳೆ, ನಾನೇನೂ ಮಾಡಿದ ಹಾಗಾಗುವುದಿಲ್ಲ ಎಂದು ಲೆಕ್ಕ ಹಾಕಿ, ಗಿರಾಕಿಗಳಿಗೆಲ್ಲ ನಗುನಗುತ್ತ ಕಾಫಿ ಕೊಟ್ಟಳು.

ಹನ್ನೊಂದೂಕಾಲಿಗೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಒಳಗೆ ಅಜ್ಜಿಯ ಕುರ್ಚಿ ಖಾಲಿ. ಊರುಗೋಲಿಲ್ಲ, ಜಪಸರವೂ ಇಲ್ಲ. ನೇಲಿಯಾ ಅಮ್ಮನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಅಜ್ಜಿ ಬಿದ್ದಿರಬೇಕು, ಆಂಬುಲೆನ್ಸು ಬಂದಿರಬೇಕು, ಆಗ ತನ್ನ ಫೋನು ಲಾಕರಿನಲ್ಲಿತ್ತು ಎಂದುಕೊಂಡಳು. ನಾಚಿಕೆ ಬಿಟ್ಟು ಕೆಳಗಿಳಿದು, ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಹೆಂಗಸಿನ ಬಾಗಿಲು ಬಡಿದಳು. ಆ ಹೆಂಗಸು ಬಾಗಿಲು ಅರ್ಧ ತೆರೆದು, ನಿನ್ನಮ್ಮ ಮುದುಕೀನ ಕಾರಲ್ಲಿ ಕೂರಿಸ್ಕೊಂಡು ಹೋದ್ಲು, ಮುದುಕಿ ಭಾನುವಾರದ ಕೋಟು ಹಾಕ್ಕೊಂಡಿತ್ತು ಎಂದು ಹೇಳಿ ಮುಚ್ಚಿದಳು.

ಒಂದೂಕಾಲಿಗೆ ಇಬ್ಬರೂ ಬಂದರು. ಅಜ್ಜಿ ಒಂದೊಂದೇ ಮೆಟ್ಟಿಲು ಹತ್ತುತ್ತ, ಕೆಳಗಿನವಳಿಗೆ ಕೇಳಲೆಂದೇ ಗಟ್ಟಿಯಾಗಿ ಮಾತಾಡುತ್ತಿದ್ದಳು.

“ನಾನು ಕಾಲೇಜಿಗೆ ಹೋಗಿದ್ದೆ ಕಣೆ,” ಎಂದಳು ಮೊಮ್ಮಗಳನ್ನು ಕಂಡು. “ಹಿಂದಿನ ಬೆಂಚಲ್ಲಿ ಕೂರ್ಸಿದ್ರು. ಮೇಷ್ಟ್ರು ಬಂದು ಕೈ ಕುಲುಕಿದ್ರು. ಬೆಂಚು ಮಾತ್ರ ಗಟ್ಟಿ, ಇನ್ನೊಂದಿನ ನನ್ನ ಕೈಲಾಗಲ್ಲ. ಮೇಷ್ಟ್ರೂ ಇವತ್ತೊಂದಿನ ಮಾತ್ರ ಅಂದ್ರು.”

ಈಗ ಆ ಮನೆಯಲ್ಲಿ ಕಾಲೇಜಿಗೆ ಹೋಗದವಳು ತಾನೊಬ್ಬಳೇ ಎಂದು ನೇಲಿಯಾಗೆ ಅನ್ನಿಸಿತು. ಅಜ್ಜಿ ಬದುಕಿ ಬಂದದ್ದಕ್ಕೆ ಅಳು ಬರುತ್ತಿತ್ತು, ಅಜ್ಜಿ ಕಾಲೇಜಿನಲ್ಲಿ ಕೂತು ಬಂದದ್ದಕ್ಕೆ ಹೊಟ್ಟೆ ಉರಿಯುತ್ತಿತ್ತು. ಎರಡೂ ಒಟ್ಟಿಗೆ ಬಾಯಿಗೆ ಬಂದು ಜಗಳವಾಯಿತು. ಅಜ್ಜಿಯನ್ನು ಹೀಗೆ ಎಳೆದುಕೊಂಡು ಹೋಗುತ್ತಾರಾ, ಮೆಟ್ಟಿಲಲ್ಲಿ ಮತ್ತೆ ಬಿದ್ದಿದ್ದರೆ ಏನು ಗತಿ ಎಂದು ಕೂಗಾಡಿದಳು. ಗ್ರಸಿಂಡಾ ಮೊದಲು ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಶೂ ಬಿಚ್ಚಿ, ಕಾಲಿಗೆ ಚಪ್ಪಲಿ ಹಾಕಿದಳು. ಆಮೇಲೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

“ನೀನು ಬೇಕಂತಲೇ ಬರ್ಲಿಲ್ಲ.”

“ಅಂಗಡೀಲಿ ಜನ ಇರ್ಲಿಲ್ಲ.”

“ಅಜ್ಜಿಗೆ ಓದಿ ಹೇಳ್ವಾಗ ಒಂದು ವಾಕ್ಯ ಬಿಟ್ಟೆ, ಅದೂ ಬೇಕಂತಲೇ. ನಂಗೆ ಕೇಳಿಸ್ತು.”

ಸಿಕ್ಕಿಬಿದ್ದಾಗ ಎಲ್ಲರೂ ಮಾಡುವಂತೆ ನೇಲಿಯಾ ಹಳೆಯದನ್ನು ಎತ್ತಿದಳು. “ಶುರು ಮಾಡಿದ್ದು ನೀನು. ಒಂದು ಫಾರಂ ಸರಿಯಾಗಿ ತುಂಬೋಕೆ ಬರ್ಲಿಲ್ಲ ನಿಂಗೆ. ನೀನು ಮಾಡಿದ ತಪ್ಪಿಗೆ ನಂದು ಒಂದು ವರ್ಷ ಹೋಗ್ತಿದೆ.”

ಗ್ರಸಿಂಡಾ ಮೇಜಿನ ಮೇಲಿದ್ದ ಬ್ರೆಡ್ಡಿನ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿದಳು. “ಮೊದಲನೇ ಪುಟದಲ್ಲಿ ತಪ್ಪೇ,” ಎಂದಳು. “ಆಮೇಲೆ ತಪ್ಪಲ್ಲ.”

“ಅಂದ್ರೆ?”

“ಮೂರನೇ ಪುಟದಲ್ಲಿ ಕೇಳ್ತು, ನಿಮ್ಮ ತಾಯಿ ಎಷ್ಟು ಓದಿದಾರೆ ಅಂತ. ನಾಲ್ಕನೇ ಕ್ಲಾಸು ಅಂತ ನೆನಪಾಯ್ತು, ಅಜ್ಜಿದು. ಆಗ ಹೊಳೀತು, ಇದು ನನ್ನನ್ನ ಕೇಳ್ತಿರೋದಲ್ಲ, ನಿನ್ನನ್ನ ಕೇಳ್ತಿರೋದು, ಆ ತಾಯಿ ಅಂದ್ರೆ ನಾನು ಅಂತ. ವಾಪಸ್ ಹೋಗಿ ಅಳಿಸ್ಬೋದಿತ್ತು. ಸ್ವಲ್ಪ ಹೊತ್ತು ಕೈ ಕಟ್ಕೊಂಡು ಕೂತೆ. ಆಮೇಲೆ ಅಜ್ಜಿದೇ ಬರ್ದೆ. ಪೂರ್ತಿ ನಂದೇ ಬರ್ದೆ.”

ನೇಲಿಯಾ ಅಮ್ಮನ ಮುಖವನ್ನೇ ನೋಡಿದಳು. ಗ್ರಸಿಂಡಾ ಕಣ್ಣು ತಪ್ಪಿಸಲಿಲ್ಲ.

“ನಿಂಗೆ ತಡ ಆಗತ್ತೆ ಅಂತ ಗೊತ್ತಿತ್ತಾ?”

“ಇಷ್ಟು ತಡ ಆಗತ್ತೆ ಅಂತ ಗೊತ್ತಿರ್ಲಿಲ್ಲ. ತೊಂದ್ರೆ ಆಗತ್ತೆ ಅಂತ ಗೊತ್ತಿತ್ತು.”

“ಗೊತ್ತಿದ್ದೂ ಮಾಡ್ದೆ.”

“ಹೂಂ.”

“ನಾಳೆ ಸಾಯಂಕಾಲ ಐದು ಗಂಟೆ ತನಕ ಟೈಮಿದೆ, ಅಮ್ಮ. ಬಿಟ್ಬಿಡು.”

“ಬಿಡಲ್ಲ,” ಎಂದಳು ಗ್ರಸಿಂಡಾ. ಅವಳ ಧ್ವನಿ ಏರಲಿಲ್ಲ, ಕೈಯೊಳಗಿನ ಚೂರುಗಳನ್ನು ಕಸದ ಬುಟ್ಟಿಗೆ ಸುರಿದಳು. “ನಾನು ಕೆಟ್ಟ ತಾಯಿ ಅಂತ ಅನ್ಕೋ. ಒಂದು ವರ್ಷ ನಿಂಗೆ ನನ್ನಿಂದ ಹೋಯ್ತು, ಅದನ್ನ ನಾನು ಒಪ್ಕೋತೀನಿ. ಆದ್ರೆ ಬಿಡಲ್ಲ.”

ಶುಕ್ರವಾರ ಐದು ಗಂಟೆ ಆಯಿತು, ಕಳೆಯಿತು. ಆ ಹೊತ್ತಿಗೆ ನೇಲಿಯಾ ಅಜ್ಜಿಯ ಕಾಲಿನ ಉಗುರು ಕತ್ತರಿಸುತ್ತಿದ್ದಳು. ಕತ್ತರಿಸುತ್ತ, ಆ ಪ್ರಬಂಧದಲ್ಲಿ ನಿನ್ನ ವಿಷಯ ಒಂದು ವಾಕ್ಯ ಇತ್ತು ಅಜ್ಜಿ, ನಾನು ಬಿಟ್ಟುಬಿಟ್ಟೆ ಎಂದು ಅದನ್ನು ಹೇಳಿದಳು. ಅಜ್ಜಿ ಎರಡು ಸಲ ಹೇಳಿಸಿಕೊಂಡಳು. ನಾಲ್ಕಲ್ಲ, ಐದು ವರ್ಷ ಪೋಣಿಸಿಕೊಟ್ಟಿದ್ದೇನೆ, ನಿಮ್ಮಮ್ಮನಿಗೆ ಲೆಕ್ಕ ಬರುವುದಿಲ್ಲ ಎಂದಳು. ಆ ಸಂಜೆಯೆಲ್ಲ ಅಜ್ಜಿಯ ಮುಖ ಇಷ್ಟಗಲವಾಗಿತ್ತು.

ಜುಲೈನ ಉಳಿದ ದಿನಗಳಲ್ಲಿ ತಾಯಿ ಮಗಳ ನಡುವೆ ಮಾತು ಬೇಕಾದಷ್ಟೇ ನಡೆಯಿತು. ಉಪ್ಪು ಎಲ್ಲಿ, ಮಾತ್ರೆ ಆಯಿತಾ, ಕಾರಿಗೆ ಪೆಟ್ರೋಲಿಲ್ಲ. ನೇಲಿಯಾ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ತಪ್ಪದೆ ಬಂದಳು. ಬಂದು ಬಾಗಿಲು ಹಾಕಿಕೊಳ್ಳುವ ಸದ್ದು ಮಾತ್ರ ಕೆಳಗಿನ ಅಂತಸ್ತಿಗೂ ಕೇಳುತ್ತಿತ್ತು. ತನ್ನ ಸಹಾಯಧನವನ್ನು ಸೆಪ್ಟೆಂಬರಿನ ತರಗತಿಗೆ ತಿರುಗಿಸಿಕೊಂಡಳು. ಆಗ ಮೊದಲ ಭಾಗ, ಬರುವ ವರ್ಷ ಎರಡನೆಯದು, ಅದರ ಮುಂದಿನ ಫೆಬ್ರುವರಿಗೆ ಅರ್ಜಿ. ಕಚೇರಿಯ ಬಿಳಿಗೂದಲವಳು, ನಿಮ್ಮ ತಾಯಿ ಚೆನ್ನಾಗಿ ಓದುತ್ತಿದ್ದಾರಂತೆ ಎಂದಾಗ ನೇಲಿಯಾ ಹಲ್ಲು ಕಾಣುವಷ್ಟು ನಕ್ಕು ಬಂದಳು.

ಆಗಸ್ಟ್ ಎರಡನೇ ವಾರ ಫಲಿತಾಂಶ ಬಂತು. ಅರ್ಮಾಂಡೊ ಊಟ ಮಾಡಿ ಮಲಗಿದ್ದ, ಅಜ್ಜಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಗ್ರಸಿಂಡಾ ಲ್ಯಾಪ್‌ಟಾಪು ತೆರೆದು ಬಹಳ ಹೊತ್ತು ನೋಡಿದಳು. ನೇಲಿಯಾ ಬಟಾಣಿ ಬಿಡಿಸುತ್ತ, ನೋಡದ ಹಾಗೆ ನೋಡಿದಳು.

“ಎಷ್ಟು ಬಂತು?” ಎಂದು ಕೊನೆಗೆ ಕೇಳಿದಳು.

“ಬರವಣಿಗೇಲಿ ಎ ಮೈನಸ್.”

“ಇನ್ನೊಂದ್ರಲ್ಲಿ?”

“ಸಿ,” ಎಂದಳು ಗ್ರಸಿಂಡಾ. “ಬರೀ ಸಿ. ಅಷ್ಟು ಹಳದಿ ಗೆರೆ ಎಳ್ದಿದ್ದೆ.”

ನೇಲಿಯಾಗೆ ಖುಷಿಯಾಯಿತು. ಎರಡೂವರೆ ತಿಂಗಳಲ್ಲಿ ಮೊದಲ ಸಲ ಮೈಯೆಲ್ಲ ಹಗುರಾದ ಖುಷಿ. ಅಯ್ಯೋ ಪಾಪ ಎನ್ನಲು ಬಾಯಿ ತೆರೆದಳು, ತುಟಿ ಬೇರೆಯದೇ ಹೇಳುತ್ತಿತ್ತು. ಬಟಾಣಿಯ ಬುಟ್ಟಿಗೆ ಮುಖ ಬಗ್ಗಿಸಿದಳು.

“ಖುಷಿಯಾಯ್ತಾ?” ಎಂದಳು ಗ್ರಸಿಂಡಾ.

“ಇಲ್ಲ.”

“ನಿಜ ಹೇಳು.”

“ಸ್ವಲ್ಪ,” ಎಂದಳು ನೇಲಿಯಾ. ಆಮೇಲೆ, “ತುಂಬಾ.”

ಗ್ರಸಿಂಡಾ ಕೋಪಿಸಿಕೊಳ್ಳಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಅದರ ಮೇಲೆ ಕೈಯಿಟ್ಟಳು.

“ಮೊದಲನೇ ವರ್ಷ ನಿಂಗೆ ಕೆಮಿಸ್ಟ್ರೀಲಿ ಸಿ ಬಂತಲ್ಲ, ಅವತ್ತು ನಾನು ಅಕ್ಕಿ ಪಾಯಸ ಮಾಡಿದ್ದೆ.”

ನೇಲಿಯಾಗೆ ನೆನಪಿತ್ತು. ಹಬ್ಬವಲ್ಲ, ಯಾರ ಹುಟ್ಟಿದ ದಿನವೂ ಅಲ್ಲ. ಅತ್ತು ಅತ್ತು ಕಣ್ಣು ಊದಿಸಿಕೊಂಡು ಕೋಣೆಯಿಂದ ಹೊರಬಂದರೆ, ದೊಡ್ಡ ತಟ್ಟೆ ತುಂಬ ಪಾಯಸ, ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ಬಿಡಿಸಿದ ಹೂವು. ಲೋಕದಲ್ಲಿ ಇಂಥ ತಾಯಿ ಇನ್ನೊಬ್ಬಳಿಲ್ಲ ಎಂದುಕೊಂಡು ಆ ದಿನ ಮೂರು ಬಟ್ಟಲು ತಿಂದಿದ್ದಳು.

“ನನ್ನ ಸಮಾಧಾನಕ್ಕೆ ಮಾಡಿದ್ದೆ ನೀನು,” ಎಂದಳು.

“ನೀನು ಹಾಗಂದ್ಕೊಂಡೆ. ನಾನೂ ಹಾಗೇ ಅಂತ ಸುಮ್ನಿದ್ದೆ.” ಗ್ರಸಿಂಡಾ ಮಗಳ ಕಡೆ ನೋಡಲಿಲ್ಲ. “ದಿನಾ ಬೆಳಿಗ್ಗೆ ನೀನು ಚೀಲ ಹಾಕ್ಕೊಂಡು ಇಳ್ದು ಹೋಗ್ತಿದ್ಯಲ್ಲ, ನೋಡೋಕಾಗ್ತಿರ್ಲಿಲ್ಲ ನಂಗೆ. ಅವತ್ತು ಸಿ ಬಂತು ಅಂದಾಗ ಕೈಗೆ ಏನೋ ಒಂದು ಹುರುಪು ಬಂತು. ಹೂವು ಕೂಡ ಬಿಡಿಸ್ದೆ.”

ನೇಲಿಯಾ ಬಟಾಣಿಯ ಬುಟ್ಟಿ ಬದಿಗಿಟ್ಟು ಎದ್ದಳು. ಬೀರುವಿನ ಮೇಲಿನ ಹಲಗೆಯಿಂದ ಅಕ್ಕಿಯ ಡಬ್ಬಿ ಇಳಿಸಿದಳು, ಪಾತ್ರೆ ಒಲೆಯ ಮೇಲಿಟ್ಟಳು.

“ಹಾಲು ಎಷ್ಟು ಹಾಕ್ಬೇಕು?”

“ಸಿ ತಾನೆ ಬಂದಿರೋದು,” ಎಂದಳು ಗ್ರಸಿಂಡಾ. “ಧಾರಾಳವಾಗಿ ಹಾಕು.”